ಗೋಡೆಗೆ ಕೂರಿಸಿದ ಹೊಸ ಸ್ಥಾವರ

ನಮ್ಮ ಮಠಗಳ ಶಿಕ್ಷಣ ಸಂಸ್ಥೆಗಳಲ್ಲಿ ಈಚೆಗೆ ಒಂದು ಹೊಸ ಪ್ರತಿಷ್ಠಾಪನೆ ನಡೆಯುತ್ತಿದೆ. ತರಗತಿಯ ಗೋಡೆಗೆ ಸ್ಮಾರ್ಟ್ ಬೋರ್ಡ್ ಕೂರಿಸುತ್ತಾರೆ. ಅದಕ್ಕೆ ಕುಂಕುಮ, ಹೂವಿನ ಹಾರ, ಎದುರಿಗೆ ತೆಂಗಿನಕಾಯಿ. ಅತಿಥಿಗಳು ಟೇಪು ಕತ್ತರಿಸುತ್ತಾರೆ, ದಾನಿಗಳ ಹೆಸರಿನ ಫಲಕ ಹೊಳೆಯುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಪ್ರವೇಶದ ಕಾಲಕ್ಕೆ ಫ್ಲೆಕ್ಸಿನ ಮೇಲೆ ‘ಸ್ಮಾರ್ಟ್ ಕ್ಲಾಸ್’ ಎಂಬ ದಪ್ಪಕ್ಷರ. ಶುಲ್ಕದ ರಸೀದಿಯಲ್ಲಿ ಅದಕ್ಕೊಂದು ಬೇರೆ ಸಾಲು. ಆ ಬೋರ್ಡಿನಿಂದ ಹಿಂದಿನ ಬೆಂಚಿನ ಮಗು ಏನು ಕಲಿತಿತು ಎಂದು ಕೇಳುವವರು ಮಾತ್ರ ಸಿಗುವುದಿಲ್ಲ.

ಸ್ಥಾವರ ಬಿಟ್ಟು ಜಂಗಮವನ್ನು ಹಿಡಿದ ಪರಂಪರೆ ನಮ್ಮದೆಂದು ವೇದಿಕೆ ವೇದಿಕೆಯಲ್ಲಿ ಸಾರುತ್ತೇವೆ. ಗುಡಿಯ ಕಲ್ಲಿಗೆ ಕೈಮುಗಿಯಬೇಡಿ ಎಂದು ಉಪದೇಶಿಸುವ ನಾವೇ ಶಾಲೆಯ ಗೋಡೆಯ ಗಾಜಿಗೆ ಕೈಮುಗಿಸುತ್ತಿದ್ದೇವೆ. ತಾನೂ ಜಡವಾಗಿ ನಿಂತು, ನೋಡುವವರನ್ನೂ ಜಡವಾಗಿಸುವುದೆಲ್ಲ ಸ್ಥಾವರವೇ. ಮಕ್ಕಳು ಕೈಕಟ್ಟಿ ಕುಳಿತು, ಯಾರೋ ಎಲ್ಲೋ ಸಿದ್ಧಪಡಿಸಿದ ಚಿತ್ರಪಾಠವನ್ನು ನಲವತ್ತು ನಿಮಿಷ ನೋಡಿ, ಒಂದೂ ಪ್ರಶ್ನೆ ಕೇಳದೆ ಎದ್ದುಹೋದರೆ, ಆ ತರಗತಿಗೂ ಗುಡಿಯ ಮುಂದೆ ದರ್ಶನಕ್ಕೆ ನಿಂತ ಸಾಲಿಗೂ ಏನು ವ್ಯತ್ಯಾಸ?

ಹಾಗಾದರೆ ಯಂತ್ರವೇ ಬೇಡವೆ? ಹಾಗೆನ್ನುವವರು ಫ.ಗು. ಹಳಕಟ್ಟಿಯವರನ್ನು ಒಮ್ಮೆ ನೆನೆಯಬೇಕು. ಅವರು ಊರೂರು ಅಲೆದು ತಾಳೆಗರಿಯ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಮುಂದೆ ಸ್ವಂತ ಮನೆಯನ್ನೇ ಮಾರಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅಂದಿನ ದೊಡ್ಡ ತಂತ್ರಜ್ಞಾನ ಆ ಮುದ್ರಣಯಂತ್ರ. ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದ ಕಟ್ಟುಗಳನ್ನು ಅದು ಓದುಬಲ್ಲವರ ಕೈಗೆ ತಂದಿತು. ಪೂಜೆಯ ವಸ್ತುವನ್ನು ಅರಿವಿನ ವಸ್ತುವಾಗಿಸಿತು. ನಾವೀಗ ಉಲ್ಟಾ ದಾರಿ ಹಿಡಿದಿದ್ದೇವೆ: ಅರಿವಿನ ಉಪಕರಣವನ್ನು ತಂದು ಪೂಜೆಗೆ ಇಟ್ಟಿದ್ದೇವೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿ. ಪುಟ್ಟರಾಜ ಗವಾಯಿಗಳು ಬ್ರೈಲ್ ಲಿಪಿಯಲ್ಲಿ ಓದಿ ಬರೆದು ಗ್ರಂಥಗಳನ್ನೇ ರಚಿಸಿದರು. ಆರು ಚುಕ್ಕೆಗಳ ಆ ಲಿಪಿಯೂ ತಂತ್ರಜ್ಞಾನವೇ. ಇಂದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕಂಪ್ಯೂಟರ್ ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಲಕ್ಷಗಟ್ಟಲೆ ಕೊಟ್ಟು ಬೋರ್ಡ್ ಹಾಕಿಸಿದ ನಮ್ಮ ಎಷ್ಟು ಶಾಲೆಗಳು, ಕಾಸು ಖರ್ಚಿಲ್ಲದ ಈ ತಂತ್ರಾಂಶವನ್ನು ದೃಷ್ಟಿ ಇಲ್ಲದ ಒಂದು ಮಗುವಿಗಾಗಿ ಹಾಕಿಸಿವೆ?

ಯಂತ್ರ ಹಂಚಿದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ ಎಂಬುದನ್ನು ಪೆರು ದೇಶ ಕಂಡುಕೊಂಡಿದೆ. ಅಲ್ಲಿ ಸರ್ಕಾರ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಮಕ್ಕಳಿಗೆ ಕೊಟ್ಟಿತು. 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನದ ಫಲ 2012ರಲ್ಲಿ ಪ್ರಕಟವಾಯಿತು: ಗಣಿತದಲ್ಲೂ ಭಾಷೆಯಲ್ಲೂ ಪ್ರಗತಿ ಕಾಣಲಿಲ್ಲ. ನಮ್ಮ ದೆಹಲಿಯಲ್ಲೇ ನಡೆದ ಇನ್ನೊಂದು ಪ್ರಯೋಗದ ಫಲ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಕಲಿಕಾ ಕೇಂದ್ರಕ್ಕೆ ಬರುತ್ತಿದ್ದರು. ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶ ಪ್ರತಿ ಮಗುವಿನ ಮಟ್ಟ ಅಳೆದು, ಅದಕ್ಕೆ ತಕ್ಕ ಪಾಠ ಕೊಡುತ್ತಿತ್ತು. ತರಗತಿಗಿಂತ ಹಲವು ವರ್ಷ ಹಿಂದುಳಿದಿದ್ದ ಮಗುವಿಗೆ ಹಿಂದಿನ ಲೆಕ್ಕದಿಂದಲೇ ಆರಂಭ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಎದ್ದುಕಾಣುವಷ್ಟು ಮುಂದೆ ಬಂದರು. ಒಂದೂವರೆ ಗಂಟೆಯ ಆ ಪಾಠದಲ್ಲಿ ಅರ್ಧ ಹೊತ್ತು ಕಂಪ್ಯೂಟರ್, ಉಳಿದರ್ಧ ಸಣ್ಣ ಗುಂಪಿನ ನಡುವೆ ಕುಳಿತು ಕಲಿಸುವ ಮನುಷ್ಯ. ಯಂತ್ರ ಮಗುವಿನ ಬಳಿಗೆ ಇಳಿದು ಬಂದಾಗ, ಪಕ್ಕದಲ್ಲಿ ಗುರುವಿದ್ದಾಗ ಕಲಿಕೆ ನಡೆಯಿತು.

ದೂರ ಯಾಕೆ, 2020ರ ಕೊರೊನಾ ಕಾಲ ನೆನೆಯಿರಿ. ಶಾಲೆಗಳಿಗೆ ಬೀಗ ಬಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ನೋಡುವ ಮಗು ಪ್ರಶ್ನೆ ಕೇಳುವುದು ಯಾರನ್ನು? ಆಗ ಸರ್ಕಾರಿ ಶಾಲೆಯ ಶಿಕ್ಷಕರು ‘ವಿದ್ಯಾಗಮ’ ಯೋಜನೆಯಡಿ ಮಕ್ಕಳಿದ್ದ ಓಣಿಗೇ ಹೊರಟರು. ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನ್ ಇದ್ದವರು, ಏನೂ ಇಲ್ಲದವರು ಎಂದು ಗುಂಪು ಮಾಡಿ, ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಆ ಕೆಲವು ತಿಂಗಳು ಜಂಗಮ ಎಂಬ ಮಾತಿಗೆ ಅರ್ಥ ತಂದುಕೊಟ್ಟವರು ಆ ಶಿಕ್ಷಕರು.

ಈಗ ನಮ್ಮ ಸಂಸ್ಥೆಗಳ ಶಿಕ್ಷಕರ ಕಡೆ ತಿರುಗೋಣ. ಬೋರ್ಡ್ ಕೊಳ್ಳುವಾಗ ಅವರನ್ನು ಕೇಳಿದ್ದೇವೆಯೆ? ಕಂಪನಿಯವರು ಒಂದು ದಿನ ಬಂದು ಗುಂಡಿಗಳನ್ನು ತೋರಿಸಿ ಹೋದರೆ ಅದು ತರಬೇತಿಯೆ? ಬೋರ್ಡಿಗೆ ಹಣವಿದೆ, ಶಿಕ್ಷಕರ ಸಂಬಳ ಏರಿಸಲು ಹಣವಿಲ್ಲ ಎನ್ನುವ ಆಡಳಿತ ಮಂಡಳಿ ಕಾಯಕದ ಮಾತನ್ನು ಯಾವ ಬಾಯಿಂದ ಆಡುತ್ತದೆ?

ಬಲ್ಲ ಶಿಕ್ಷಕರ ಕೈಯಲ್ಲಿ ಸಣ್ಣ ಉಪಕರಣವೂ ದೊಡ್ಡ ಕೆಲಸ ಮಾಡುತ್ತದೆ. ಒಬ್ಬ ವಿದ್ಯಾರ್ಥಿ ಮಾಡಿದ ಭಾಗಾಕಾರವನ್ನು ಫೋನಿನಲ್ಲಿ ಸೆರೆಹಿಡಿದು, ಹೆಸರು ಹೇಳದೆ ಪರದೆಗೆ ಹಾಕಿ. ಎಲ್ಲಿ ತಪ್ಪಿತು ಎಂದು ತರಗತಿಯೇ ಹುಡುಕಲಿ. ಹೃದಯ ಬಡಿಯುವ ಚಿತ್ರವನ್ನು ನಡುವೆ ನಿಲ್ಲಿಸಿ, ರಕ್ತ ಇನ್ನು ಎತ್ತ ಹೋಗುತ್ತದೆ ಎಂದು ಕೇಳಿ; ಉತ್ತರ ಬಂದ ಮೇಲೆ ಮುಂದುವರಿಸಿ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ತೆರೆಯುತ್ತವೆ. ‘ಕಾಯಕ’ ಎಂಬ ಪದವನ್ನು ಯಾವ ಶರಣರು, ಯಾವ ಶರಣೆಯರು, ಯಾವ ಅರ್ಥದಲ್ಲಿ ಬಳಸಿದ್ದಾರೆ ಎಂದು ಮಕ್ಕಳೇ ಹುಡುಕಿ ವಾದಿಸಲಿ. ಅನುಭವ ಮಂಟಪದ ಚಿತ್ರವನ್ನು ಗೋಡೆಗೆ ತೂಗುಹಾಕುವುದಕ್ಕಿಂತ, ಪ್ರಶ್ನೆ ಕೇಳುವ ಇಂಥ ಒಂದು ತರಗತಿ ನಡೆಸುವುದು ಮೇಲು.

‘ಪೋಷಕರೇ ಸ್ಮಾರ್ಟ್ ಕ್ಲಾಸ್ ಕೇಳುತ್ತಾರೆ, ಇಲ್ಲದಿದ್ದರೆ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ’ ಎಂದು ಕೆಲವರು ಹೇಳುತ್ತಾರೆ. ಪೋಷಕರು ಕೇಳಿದ್ದನ್ನೆಲ್ಲ ಮಾರುವುದಾದರೆ ಅಂಗಡಿ ಸಾಕು, ಮಠ ಯಾಕೆ? ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ನಡೆಸಿದ್ದು ಜಾತಿ ಕೇಳದೆ, ಶುಲ್ಕ ಕೇಳದೆ. ಇಂದು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಬೋರ್ಡ್, ಹಳ್ಳಿಯ ಕನ್ನಡ ಶಾಲೆಗೆ ಒಡೆದ ಹಲಗೆ ಎಂದಾದರೆ, ಇದು ಹೊಸ ಪಂಕ್ತಿಭೇದ. ಉಣ್ಣುವ ಪಂಕ್ತಿಯಲ್ಲಿ ಭೇದವನ್ನು ಒಪ್ಪದ ನಾವು ಕಲಿಯುವ ಪಂಕ್ತಿಯಲ್ಲಿ ಅದನ್ನು ಹೇಗೆ ಒಪ್ಪುತ್ತೇವೆ?

ಆದ್ದರಿಂದ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ, ದಾನ ಕೊಡುವ ಶರಣಬಂಧುಗಳಲ್ಲಿ ನಮ್ಮ ಒತ್ತಾಯ ಇಷ್ಟು. ಮಠದ ಯಾವ ಉಪಕರಣವೇ ಇರಲಿ, ಮೊದಲು ಉಚಿತ ಪ್ರಸಾದನಿಲಯಕ್ಕೆ, ಹಳ್ಳಿಯ ಕನ್ನಡ ಶಾಲೆಗೆ ಹೋಗಲಿ. ಕೊಳ್ಳುವ ಮುನ್ನ ಶಿಕ್ಷಕರ ಸಭೆ ಕರೆಯಿರಿ, ಬೇಡವೆಂದರೆ ಕೊಳ್ಳಬೇಡಿ. ಉಪಕರಣದ ಜೊತೆಗೇ ಶಿಕ್ಷಕರ ತರಬೇತಿಗೂ ದುರಸ್ತಿಗೂ ಹಣ ತೆಗೆದಿಡಿ. ‘ಸ್ಮಾರ್ಟ್ ಕ್ಲಾಸ್’ ಹೆಸರಿನ ಬೇರೆ ಶುಲ್ಕವನ್ನು ರದ್ದು ಮಾಡಿ. ವರ್ಷಕ್ಕೊಮ್ಮೆ ಲೆಕ್ಕ ಕೊಡುವಾಗ ಎಷ್ಟು ಬೋರ್ಡ್ ಹಾಕಿದೆವು ಎಂಬುದನ್ನು ಬಿಟ್ಟು, ಓದಲು ಬಾರದ ಎಷ್ಟು ಮಕ್ಕಳು ಓದಲು ಕಲಿತರು ಎಂಬುದನ್ನು ಹೇಳಿ.

ದಾನಿಗಳೇ, ಮುಂದಿನ ಸಲ ನಿಮ್ಮ ಹೆಸರಿನ ಬೋರ್ಡಿನ ಉದ್ಘಾಟನೆಗೆ ಕರೆ ಬಂದರೆ ತೆಂಗಿನಕಾಯಿ ಒಯ್ಯಬೇಡಿ. ಆರು ತಿಂಗಳು ಬಿಟ್ಟು, ಹೇಳದೆ ಕೇಳದೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಆ ಮಕ್ಕಳನ್ನು ಮಾತಾಡಿಸಿ. ನಿಮ್ಮ ದಾಸೋಹ ಸಂದಿದೆಯೋ ಇಲ್ಲವೋ ಅವರೇ ಹೇಳುತ್ತಾರೆ.