ಅನುವಾದದ ಮರೆಯಲ್ಲಿ ಯಹೂದಿ ಸಾಹಿತ್ಯ: ಒಂದು ವಾರದ ವ್ಯಾಸಂಗದ ಪ್ರಶ್ನೆಗಳು

ಪರೀಕ್ಷೆ, ಪದವಿಗಳ ಹಂಗಿಲ್ಲದೆ ವಯಸ್ಕರು ಕೂಡಿ ಕುಳಿತು ಪಠ್ಯಗಳನ್ನು ಓದುವ ಪದ್ಧತಿ ಯಹೂದಿ ಸಮುದಾಯಕ್ಕೆ ಹೊಸದಲ್ಲ. 1920ರಲ್ಲಿ ಫ್ರಾಂಜ್ ರೋಸೆನ್‌ಜ್ವೈಗ್ ಫ್ರಾಂಕ್‌ಫರ್ಟ್‌ನಲ್ಲಿ ಆರಂಭಿಸಿದ ಮುಕ್ತ ಅಧ್ಯಯನ ಕೇಂದ್ರವು ಪರಂಪರೆಯಿಂದ ದೂರ ಸರಿದಿದ್ದ ವಿದ್ಯಾವಂತರನ್ನೇ ಕರೆಯಿತು. ಕಲಿಸುವವರೂ ಕಲಿಯುವವರೇ ಆಗಿರಬೇಕೆಂಬುದು ಅದರ ನಿಲುವು. ಇಂದು ಅಮೆರಿಕದಲ್ಲಿ ನಡೆಯುವ ವಾರದ ಅವಧಿಯ ಸಾಹಿತ್ಯ ವ್ಯಾಸಂಗಗಳು ಈ ಪರಂಪರೆಗೆ ಸೇರಿದವು. 1980ರಲ್ಲಿ ಆರನ್ ಲ್ಯಾನ್ಸ್ಕಿ ಸ್ಥಾಪಿಸಿದ, ಹತ್ತು ಲಕ್ಷಕ್ಕೂ ಮಿಕ್ಕ ಯಿಡ್ಡಿಶ್ ಪುಸ್ತಕಗಳನ್ನು ಸಂಗ್ರಹಿಸಿದ ಆಮ್‌ಹರ್ಸ್ಟ್‌ನ ಯಿಡ್ಡಿಶ್ ಬುಕ್ ಸೆಂಟರ್ ಅಧ್ಯಾಪಕರಿಗಾಗಿ ಇಂಥ ಶಿಬಿರಗಳನ್ನು ನಡೆಸಿದೆ.

ಒಂದು ವಾರದಲ್ಲಿ ಏನನ್ನು ಓದಬೇಕು ಎಂಬುದು ಮೇಲ್ನೋಟಕ್ಕೆ ಪಠ್ಯಕ್ರಮದ ಪ್ರಶ್ನೆ. ವಾಸ್ತವವಾಗಿ ಅದು ‘ಆಧುನಿಕ ಯಹೂದಿ ಸಾಹಿತ್ಯ’ ಎಂಬ ವಸ್ತುವೊಂದು ಇದೆಯೇ ಎಂಬ ಪ್ರಶ್ನೆ. ಶೋಲೆಮ್ ಅಲೈಖೆಮ್ ಯಿಡ್ಡಿಶ್‌ನಲ್ಲಿ, ಅಗ್ನೋನ್ ಹೀಬ್ರೂವಿನಲ್ಲಿ, ಕಾಫ್ಕಾ ಜರ್ಮನ್‌ನಲ್ಲಿ, ಬಾಬೆಲ್ ರಷ್ಯನ್‌ನಲ್ಲಿ, ಸಾಲ್ ಬೆಲ್ಲೊ ಇಂಗ್ಲಿಷಿನಲ್ಲಿ ಬರೆದರು. ರೂತ್ ವೈಸ್ 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಎಲ್ಲ ಭಾಷೆಗಳನ್ನು ಒಳಗೊಂಡ ಒಂದು ಶ್ರೇಷ್ಠ ಕೃತಿಪರಂಪರೆಯನ್ನು ಪ್ರತಿಪಾದಿಸಿದರು. ಅಖಂಡವಾದ ಒಂದು ಸಾಹಿತ್ಯವೆಂಬ ಕಲ್ಪನೆಯನ್ನೇ ಬಿಟ್ಟು, ಪರಸ್ಪರ ತಾಗಿಕೊಂಡಿರುವ ಹಲವು ಸಾಹಿತ್ಯಗಳೆಂದು ನೋಡಬೇಕೆಂದು ಡ್ಯಾನ್ ಮಿರೋನ್ 2010ರಲ್ಲಿ ವಾದಿಸಿದರು. ವಾರದ ವ್ಯಾಸಂಗವು ಈ ವಾಗ್ವಾದವನ್ನು ತನಗರಿವಿಲ್ಲದೆಯೇ ಇತ್ಯರ್ಥ ಮಾಡಿಬಿಡುತ್ತದೆ. ಎಲ್ಲವೂ ಇಂಗ್ಲಿಷ್ ಅನುವಾದದಲ್ಲಿ ಬಂದು ಕುಳಿತಾಗ ಐದು ಭಾಷೆಗಳ ಜಗಳ ಒಂದೇ ಭಾಷೆಯ ಸಂಭಾಷಣೆಯಾಗಿ ಕೇಳಿಸುತ್ತದೆ. ವೈಸ್ ಗೆಲ್ಲುವುದು ಇಲ್ಲಿ ವಾದದ ಬಲದಿಂದಲ್ಲ, ಛಾಯಾಪ್ರತಿ ಯಂತ್ರದ ಬಲದಿಂದ.

ಈ ಜಗಳ ಸಣ್ಣದಲ್ಲ. ಹೀಬ್ರೂ ಪವಿತ್ರ ಭಾಷೆ, ಯಿಡ್ಡಿಶ್ ತಾಯ್ನುಡಿ. ಕನ್ನಡದ ಓದುಗರಿಗೆ ಮಾರ್ಗ-ದೇಶಿಗಳ ನೆನಪಾಗುವುದು ಸಹಜವಾದರೂ ಹೋಲಿಕೆ ಬಹುದೂರ ಸಾಗದು. ಇಲ್ಲಿರುವುದು ಒಂದೇ ಭಾಷೆಯ ಎರಡು ಮೈಗಳಲ್ಲ, ಒಬ್ಬನೇ ಲೇಖಕನ ಎರಡು ಭಾಷೆಗಳು. ಮೆಂಡೆಲೆ ಮೊಯ್ಖೆರ್ ಸ್ಫೋರಿಮ್ ಹೀಬ್ರೂವಿನಲ್ಲಿ ಆರಂಭಿಸಿ, 1864ರಲ್ಲಿ ಯಿಡ್ಡಿಶ್‌ಗೆ ಹೊರಳಿ, ಮುಂದೆ ತಮ್ಮ ಯಿಡ್ಡಿಶ್ ಕೃತಿಗಳನ್ನು ತಾವೇ ಹೀಬ್ರೂವಿನಲ್ಲಿ ಮತ್ತೆ ಬರೆದರು. 1908ರ ಚೆರ್ನೊವಿಟ್ಸ್ ಸಮ್ಮೇಳನವು ಬಹಳ ಕಾವೇರಿದ ಚರ್ಚೆಯ ಬಳಿಕ ಯಿಡ್ಡಿಶ್ ಯಹೂದಿಗಳ ‘ಒಂದು’ ರಾಷ್ಟ್ರೀಯ ಭಾಷೆಯೆಂದು ಸಾರಿತೇ ಹೊರತು ‘ಏಕೈಕ’ ಭಾಷೆಯೆಂದಲ್ಲ.

ಶೋಲೆಮ್ ಅಲೈಖೆಮರ ತೆವ್ಯೆಯ ಕಥೆಗಳನ್ನೇ ನೋಡಬಹುದು. ಹಾಲು ಮಾರುವ ಈ ಬಡವ ತನ್ನ ಯಿಡ್ಡಿಶ್ ಮಾತಿನ ನಡುವೆ ಹೀಬ್ರೂ ಶ್ಲೋಕಗಳನ್ನು ತುಂಡರಿಸಿ ಸೇರಿಸುತ್ತಾನೆ. ಕೆಲವನ್ನು ಬೇಕೆಂದೇ ತಿರುಚುತ್ತಾನೆ. ದೇವರೊಡನೆ ಅವನ ವಾಗ್ವಾದ, ಪಾಂಡಿತ್ಯದ ಬಗೆಗಿನ ಅವನ ಆಸೆ ಮತ್ತು ಅಣಕ ಎಲ್ಲವೂ ಈ ಎರಡು ಭಾಷೆಗಳ ಸಂದಿಯಲ್ಲಿವೆ. ಎರಡೂ ಒಂದೇ ಇಂಗ್ಲಿಷ್ ಆದರೆ ಉಳಿಯುವುದು ಒಳ್ಳೆಯ ಮನಸ್ಸಿನ, ಗಾದೆಮಾತಿನ ಮುದುಕ ಮಾತ್ರ. 1964ರ ಸಂಗೀತನಾಟಕದಿಂದ ಜಗತ್ತು ಪರಿಚಯಿಸಿಕೊಂಡದ್ದು ಬಹುಮಟ್ಟಿಗೆ ಅವನನ್ನೇ. ಹಿಲ್ಲೆಲ್ ಹಾಲ್ಕಿನ್ 1987ರ ಅನುವಾದದಲ್ಲಿ ಹೀಬ್ರೂ ಉಕ್ತಿಗಳನ್ನು ಹಾಗೆಯೇ ಉಳಿಸಿದರು. ಓದು ಎಡವುತ್ತದೆ. ಎಡವಬೇಕಾದದ್ದೂ ಹೌದು.

ಐಸಾಕ್ ಬಾಶೆವಿಸ್ ಸಿಂಗರರ ಗಿಂಪೆಲ್‌ನ ಕಥೆ ಇನ್ನೂ ಸ್ಪಷ್ಟವಾದ ಉದಾಹರಣೆ. 1945ರಲ್ಲಿ ಯಿಡ್ಡಿಶ್‌ನಲ್ಲಿ ಪ್ರಕಟವಾದ ಇದನ್ನು ಬೆಲ್ಲೊ 1953ರಲ್ಲಿ ಇಂಗ್ಲಿಷಿಗೆ ತಂದರು. ಎಲಿಯೇಜರ್ ಗ್ರೀನ್‌ಬರ್ಗ್ ಮೂಲವನ್ನು ಓದಿ ಹೇಳುತ್ತಿದ್ದರು, ಬೆಲ್ಲೊ ಬೆರಳಚ್ಚು ಮಾಡುತ್ತಿದ್ದರು. ಮಗುವಿನ ಪಿತೃತ್ವದ ಬಗ್ಗೆ ಗಿಂಪೆಲ್ ಚಿಂತಿಸುವಲ್ಲಿ ಕ್ರಿಸ್ತನ ಜನನವನ್ನು ಕುರಿತ ವ್ಯಂಗ್ಯದ ಮಾತೊಂದು ಮೂಲದಲ್ಲಿದೆ. ಇಂಗ್ಲಿಷಿನಲ್ಲಿ ಅದಿಲ್ಲ. ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ನೆರೆಯವರ ಭಾಷೆಗೆ ಬರುವಾಗ ಬಾಯಿ ಮುಚ್ಚಿಕೊಂಡಿತು. ಎಲಿ ವೀಸೆಲರ 1956ರ ಯಿಡ್ಡಿಶ್ ಸ್ಮೃತಿಗ್ರಂಥ 1958ರಲ್ಲಿ ಫ್ರೆಂಚ್ ‘ರಾತ್ರಿ’ಯಾಗಿ ಬಹಳಷ್ಟು ಕಿರಿದಾದದ್ದನ್ನೂ ಇದರೊಡನೆ ಇಟ್ಟು ನೋಡಬೇಕು. ಸಾಹಿತ್ಯದ ಆಧುನಿಕತೆಯ ಬಗ್ಗೆ ನೀಡುವ ಹತ್ತು ಉಪನ್ಯಾಸಗಳಿಗಿಂತ ಈ ಲೋಪಗಳು ಹೆಚ್ಚನ್ನು ಕಲಿಸಬಲ್ಲವು.

ಹೀಬ್ರೂ ಲಿಪಿಯನ್ನೇ ಅರಿಯದವರ ಮುಂದೆ ಮೂಲವನ್ನು ತಂದು ಪ್ರಯೋಜನವೇನು ಎಂಬ ಆಕ್ಷೇಪಕ್ಕೆ ತೂಕವಿದೆ. ವಾರದಲ್ಲಿ ಭಾಷೆ ಬರುವುದಿಲ್ಲ. ಆದರೆ ವಯಸ್ಕರ ಗುಂಪು ಖಾಲಿ ಹಲಗೆಯಲ್ಲ. ಅಜ್ಜಿಯ ಬಾಯಲ್ಲಿ ಯಿಡ್ಡಿಶ್ ಕೇಳಿ ಬೆಳೆದವರು, ಪ್ರಾರ್ಥನೆಯ ಹೀಬ್ರೂವನ್ನು ಅರ್ಥವರಿಯದೆ ಬಾಯಿಪಾಠ ಮಾಡಿದವರು ಅಲ್ಲಿರಬಹುದು. ಅನುವಾದಕ್ಕೆ ಮುನ್ನ ಮೂಲದ ಒಂದು ಪುಟವನ್ನು ಗಟ್ಟಿಯಾಗಿ ಓದಿದರೆ ಅವರ ಕಿವಿಯೂ ಪಠ್ಯದ ಭಾಗವಾಗುತ್ತದೆ. ಇಂಗ್ಲಿಷಿನ ಮೂಲಕವೇ ಕಾಫ್ಕಾನನ್ನು ಬೋಧಿಸುವ ಕನ್ನಡ ವಿಭಾಗಗಳಿಗೂ ಈ ಮಾತು ಹೊರತಲ್ಲ.

ಹಾಗಾಗಿ ದಿನಕ್ಕೊಬ್ಬ ಲೇಖಕನಂತೆ ನೊಬೆಲ್ ಪಟ್ಟಿಯನ್ನು ಮುಗಿಸುವ ಯೋಜನೆಯನ್ನು ಕೈಬಿಟ್ಟು, ಇಬ್ಬರು ಅಥವಾ ಮೂವರಿಗೆ ವಾರವನ್ನು ಕೊಡುವುದು ಮೇಲು. 2023ರಲ್ಲಿ ಗಿಂಪೆಲ್ ಕಥೆಯ ದ್ವಿಭಾಷಾ ಆವೃತ್ತಿ ಬಂದಿದೆ: ಯಿಡ್ಡಿಶ್ ಮೂಲ, ಬೆಲ್ಲೊ ಅನುವಾದ, ಸಿಂಗರ್ ತಾವೇ ಆರಂಭಿಸಿ ಡೇವಿಡ್ ಸ್ಟ್ರೋಂಬರ್ಗ್ ಪೂರ್ಣಗೊಳಿಸಿದ ಮತ್ತೊಂದು ಅನುವಾದ ಒಂದೇ ಸಂಪುಟದಲ್ಲಿ ದೊರೆಯುತ್ತವೆ. ಕಥೆ ಚಿಕ್ಕದು. ಎರಡು ದಿನ ಬೇಕಾಗುತ್ತದೆ.