ತಳದಲ್ಲಿ ಉಳಿದ ಕೆಸರು

ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇದು ಬೆರೆಸಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಆ ತಿಳಿನೀರನ್ನು ಶುದ್ಧವಾದ ಬೇರೊಂದು ಪಾತ್ರೆಗೆ ಬಸಿದುಕೊಂಡರೆ ಕೆಸರಿನ ಸಂಬಂಧವೇ ಇಲ್ಲವಾಗುತ್ತದೆ. ಮೊದಲನೆಯದು ಕರ್ಮದ ಉಪಶಮಕ್ಕೆ, ಎರಡನೆಯದು ಕ್ಷಯಕ್ಕೆ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಕೊಟ್ಟಿರುವ ದೃಷ್ಟಾಂತಗಳು. ಬಸಿಯದೆ ಬಿಟ್ಟ ಕೊಡ ಅಲುಗಿದರೆ ಕೆಸರು ಮತ್ತೆ ಮೇಲೇಳುತ್ತದೆ.

ಹದಿನಾಲ್ಕು ಗುಣಸ್ಥಾನಗಳ ವಿವರಣೆಯಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಮೋಹವನ್ನು ಅಡಗಿಸುತ್ತ ಉಪಶಮ ಶ್ರೇಣಿಯನ್ನೇರಿದ ಮುನಿಯು ಹನ್ನೊಂದನೆಯ ಉಪಶಾಂತಮೋಹ ಸ್ಥಾನವನ್ನು ತಲುಪಿದರೂ ಅಂತರ್ಮುಹೂರ್ತದೊಳಗೆ ಕೆಳಗಿಳಿಯಲೇಬೇಕು. ಮೋಹವನ್ನು ನಾಶಮಾಡುತ್ತ ಕ್ಷಪಕ ಶ್ರೇಣಿಯನ್ನೇರಿದವರು ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಾಗುತ್ತಾರೆ, ಅವರಿಗೆ ಪತನವಿಲ್ಲ.

ಅಷ್ಟು ಎತ್ತರಕ್ಕೇರಿದವರಿಗೇ ಜಾರುವ ಸಂಭವವಿರುವಾಗ ಗೃಹಸ್ಥರ ಪಾಡೇನು? ಸಪ್ತವ್ಯಸನಗಳಲ್ಲಿ ಮೊದಲು ಎಣಿಸುವುದು ಜೂಜನ್ನು. ಇಂದು ಅದು ಅಂಗೈಯ ಮೊಬೈಲಿನೊಳಗೇ ಇದೆ. ತಿಂಗಳುಗಟ್ಟಲೆ ಆಡದಿದ್ದವನು ಸಂಬಳ ಬಂದ ರಾತ್ರಿ ಒಂಟಿಯಾಗಿದ್ದಾಗ ಮತ್ತೆ ಕೈಯಿಡುತ್ತಾನೆ. ಆಟ ನಿಂತಿತ್ತು, ಸೋತದ್ದನ್ನು ಗೆದ್ದು ತರುವೆನೆಂಬ ಲೋಭ ನಿಂತಿರಲಿಲ್ಲ.

ಸಮಾಜಗಳ ಬಾಳಿನಲ್ಲೂ ಹೀಗೆಯೇ ಆಗುತ್ತದೆ. ಆಫ್ರಿಕಾದ ಅಂಗೋಲಾದಲ್ಲಿ 1975ರಿಂದ ನಡೆದಿದ್ದ ಅಂತರ್ಯುದ್ಧವನ್ನು ನಿಲ್ಲಿಸಲು 1991ರಲ್ಲಿ ಒಪ್ಪಂದವಾಯಿತು. ಸೈನಿಕರೆಲ್ಲ ಶಸ್ತ್ರ ಕೆಳಗಿಡುವ ಮುನ್ನವೇ 1992ರಲ್ಲಿ ಚುನಾವಣೆ ನಡೆಯಿತು. ಫಲಿತಾಂಶವನ್ನು ಯುನಿಟಾ ಬಣ ಒಪ್ಪಲಿಲ್ಲ, ಯುದ್ಧ ಮರುಕಳಿಸಿತು. 1994ರಲ್ಲಿ ಲುಸಾಕಾದಲ್ಲಿ ಇನ್ನೊಂದು ಒಪ್ಪಂದ, 1998ರಲ್ಲಿ ಮತ್ತೆ ಯುದ್ಧ. 2002ರಲ್ಲಿ ಯುನಿಟಾದ ನಾಯಕ ಸವಿಂಬಿ ಮಡಿದ ಬಳಿಕ ಕದನ ನಿಂತಿತು. ಆಗ ಹೋರಾಟಗಾರರು ಶಸ್ತ್ರ ಒಪ್ಪಿಸಿದರು, ಬಣವು ರಾಜಕೀಯ ಪಕ್ಷವಾಗಿ ಉಳಿಯಿತು. ಹಿಂದಿನ ಎರಡು ಒಪ್ಪಂದಗಳಲ್ಲಿ ಬಂದೂಕು ಮೌನವಾಗಿತ್ತು. ಪರಸ್ಪರ ಭಯವೂ ಅಧಿಕಾರದಾಸೆಯೂ ತಳದಲ್ಲಿದ್ದವು.

ಹಾಗೆಂದು ಜಾರಿದವನನ್ನು ಜಿನಧರ್ಮವು ಕೈಬಿಡುವುದಿಲ್ಲ. ಪ್ರತಿಕ್ರಮಣವೆಂದರೆ ದೋಷದಿಂದ ಹಿಂದಿರುಗುವುದು. ಅದನ್ನು ಪ್ರತಿದಿನ, ಪ್ರತಿ ಪಕ್ಷ, ಚಾತುರ್ಮಾಸ, ಸಂವತ್ಸರಗಳಲ್ಲಿ ಮಾಡಬೇಕೆಂದು ವಿಧಿಸಿರುವುದರಲ್ಲೇ ಮನುಷ್ಯನು ಮತ್ತೆ ಜಾರುವನೆಂಬ ಅರಿವಿದೆ. ಒಮ್ಮೆ ಸಮ್ಯಗ್ದರ್ಶನ ಪಡೆದ ಜೀವವು ಅದರಿಂದ ಜಾರಿದರೂ ಎಂದಾದರೊಂದು ದಿನ ಮೋಕ್ಷವನ್ನು ಪಡೆದೇ ತೀರುತ್ತದೆಂಬ ಭರವಸೆಯನ್ನೂ ಆಗಮ ಕೊಡುತ್ತದೆ.

ಜಾರಿದವನು ಮಾಡಬೇಕಾದುದು ಮುಚ್ಚಿಡುವುದಲ್ಲ, ಆಲೋಚನೆ. ಅಂದರೆ ಗುರುವಿನ ಮುಂದೆ ದೋಷವನ್ನು ಇದ್ದಂತೆ ನಿವೇದಿಸುವುದು. ಮನೆಯವರ ಮುಂದೆ ಒಪ್ಪಿಕೊಳ್ಳುವುದು, ಹಣದ ಹೊಣೆಯನ್ನು ಕೆಲಕಾಲ ಅವರಿಗೆ ಬಿಡುವುದು, ವೈದ್ಯರ ನೆರವು ಪಡೆಯುವುದು ಕೂಡ ಇದೇ ದಾರಿಯ ಹೆಜ್ಜೆಗಳು. ಕೇಳುವವರ ಧರ್ಮವೂ ಒಂದಿದೆ. ಸ್ಥಿತಿಕರಣ, ಎಂದರೆ ದಾರಿ ತಪ್ಪಿದವನನ್ನು ಮರಳಿ ದಾರಿಯಲ್ಲಿ ನಿಲ್ಲಿಸುವುದು, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಅವನನ್ನು ಹಂಗಿಸಿ ದೂರವಿಟ್ಟರೆ ಆ ಅಂಗವೇ ಊನವಾಗುತ್ತದೆ.