ಒಂದು ಪುಟ, ಇಬ್ಬರ ನೆನಪು

ಕಳೆದ ಮಳೆಗಾಲದಲ್ಲಿ ಬಾಲ್ಯದ ಸಹಪಾಠಿಯೊಬ್ಬನ ಜೊತೆ ಕುಳಿತು ಸ್ಕ್ರ್ಯಾಪ್ ಪುಸ್ತಕದ ಒಂದು ಪುಟವನ್ನು ಸಿದ್ಧಪಡಿಸಿದೆ. ಪತ್ರಿಕೆಯ ತುಣುಕು, ಹಳೆಯ ಫೋಟೊ, ಚೀಟಿಗಳನ್ನು ಕತ್ತರಿಸಿ ಅಂಟಿಸುವುದು ಶಾಲಾ ಮಕ್ಕಳ ರಜಾಕಾಲದ ಹವ್ಯಾಸವೆಂಬುದು ಸಾಮಾನ್ಯ ತಿಳಿವಳಿಕೆ. ಗಂಟೆಯೊಳಗೆ ಮುಗಿಯಬೇಕಾದ ಈ ಕೆಲಸ ನಮಗೆ ಮೂರು ದಿನ ಹಿಡಿಯಿತು. ನಾವು ಆರಿಸಿಕೊಂಡ ವಿಷಯ ಭೂಸುಧಾರಣೆಯಾಗಿದ್ದುದೇ ಇದಕ್ಕೆ ಕಾರಣ.

ನಾವಿಬ್ಬರೂ ದಕ್ಷಿಣ ಕನ್ನಡದ ಒಂದೇ ಗ್ರಾಮದವರು. ನನ್ನ ತಂದೆ ಚಾಲಗೇಣಿಯ ಒಕ್ಕಲು. ಅವನ ಮನೆಯವರು ಒಡೆಯರು. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಗೊಂಡ ಭೂಸುಧಾರಣಾ ಕಾಯ್ದೆಯ ಪ್ರಕಾರ, 1974ರ ಮಾರ್ಚ್ 1ರಂದು ರಾಜ್ಯದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಸೈನಿಕರಂತಹ ಕೆಲವರನ್ನು ಹೊರತುಪಡಿಸಿದರೆ, ಸಣ್ಣ ಒಡೆಯ, ದೊಡ್ಡ ಒಡೆಯ ಎಂಬ ಭೇದವನ್ನು ಕಾಯ್ದೆ ಎಣಿಸಲಿಲ್ಲ. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯ ಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕಿತ್ತು. ಹಲವು ಬಾರಿ ವಿಸ್ತರಣೆಗೊಂಡ ಅರ್ಜಿಯ ಗಡುವು 1979ರ ಜೂನ್ 30ಕ್ಕೆ ಮುಗಿಯಿತು.

ತಂದೆಯವರು ಟ್ರಂಕಿನಲ್ಲಿ ಮಡಚಿಟ್ಟಿದ್ದ ಪತ್ರಿಕೆಯ ತುಣುಕು, ಎರಡು ಗೇಣಿ ಚೀಟಿ, ಮಂಡಳಿಯ ಆದೇಶದ ಪ್ರತಿ ನನ್ನ ಪಾಲಿನ ಸಾಮಗ್ರಿ. ಗೆಳೆಯ ತಂದದ್ದು ಒಂದೇ ಫೋಟೊ. ಅಂಗಳದಲ್ಲಿ ಅಕ್ಕಿ ಮುಡಿಗಳ ಪಕ್ಕ ನಿಂತಿರುವ ಅವನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಆಕೆಗೆ ಒಂದು ತುಂಡು ಗದ್ದೆಯಿಂದ ಬರುತ್ತಿದ್ದ ಗೇಣಿ ಅಕ್ಕಿಯೇ ಜೀವನಾಧಾರವಾಗಿತ್ತು.

ನಾನು ಪುಟದ ನೆತ್ತಿಯ ಮೇಲೆ 'ಉಳುವವನೇ ಹೊಲದೊಡೆಯ' ಎಂದು ಬರೆಯಲು ಹೊರಟೆ. ಅವನು ತಡೆದ. "ಮಾತು ಸರಿಯೇ ಮಾರಾಯ, ಆದರೆ ಅತ್ತೆಯ ಫೋಟೊದ ಮೇಲೆ ಅದನ್ನು ಹೇಗೆ ಬರೆಯುವುದು?" ಬದಲಿಗೆ 'ಜಮೀನು ಹೋದ ವರ್ಷ' ಎಂದು ಬರೆಯೋಣವೆಂದ. ಅದಕ್ಕೆ ನಾನು ಒಪ್ಪಲಿಲ್ಲ. ಗೇಣಿ ಬಾಕಿಯಾದ ವರ್ಷ ನನ್ನ ತಂದೆ ಅದೇ ಅಂಗಳದಲ್ಲಿ ಹೆಗಲ ಬೈರಾಸು ಕೈಗೆ ತೆಗೆದುಕೊಂಡು ನಿಂತಿದ್ದನ್ನು ನಾನು ಕಣ್ಣಾರೆ ಕಂಡವನು. ಬೆಳೆದ ಅಕ್ಕಿ ಮನೆಯಲ್ಲೇ ಉಳಿದ ಮೇಲಷ್ಟೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು.

ಒಂದು ನೀತಿಯಿಂದ ಲಾಭ ಪಡೆದವರು ನಷ್ಟ ಹೊಂದಿದವರಿಗೆ ತುಂಬಿಕೊಟ್ಟ ನಂತರವೂ ಏನಾದರೂ ಉಳಿಯುವಂತಿದ್ದರೆ ಆ ನೀತಿ ಒಳಿತೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆ. ವಾಸ್ತವವಾಗಿ ತುಂಬಿಕೊಡಲೇಬೇಕೆಂದು ಆ ಸೂತ್ರ ಕೇಳುವುದಿಲ್ಲ. ಸೇವಾವಧಿಯುದ್ದಕ್ಕೂ ಆ ಲೆಕ್ಕವನ್ನೇ ನಂಬಿದ್ದೆ. ಭೂಸುಧಾರಣೆ ಆಗಬೇಕಾದದ್ದೇ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಮೊತ್ತದ ಹಿಂದೆ ಯಾರ ಮುಖವಿತ್ತೆಂದು ತಿಳಿಯಲು ಎದುರು ಪಕ್ಷದವನ ಜೊತೆ ಅಂಟು ಹಚ್ಚಬೇಕಾಯಿತು.

ಕೊನೆಗೆ ಶೀರ್ಷಿಕೆಯನ್ನೇ ಕೈಬಿಟ್ಟೆವು. ಇಬ್ಬರೂ ತಮ್ಮ ತಮ್ಮ ಕೈಬರಹದಲ್ಲಿ ಎರಡೆರಡು ಸಾಲು ಬರೆದು ದಿನಾಂಕ ಹಾಕಿದೆವು. ಆಗ ಇನ್ನೊಂದು ಸಂಗತಿ ಹೊಳೆಯಿತು. ಎರಡೂ ಮನೆಗಳ ಗದ್ದೆಯಲ್ಲಿ ನಾಟಿ, ಕೊಯ್ಲು ಮಾಡುತ್ತಿದ್ದ ಕೂಲಿಯವರ ಒಂದು ಚೀಟಿಯಾಗಲಿ, ಫೋಟೊವಾಗಲಿ ನಮ್ಮಿಬ್ಬರ ಬಳಿಯೂ ಇರಲಿಲ್ಲ. ಅವರು ಗೇಣಿದಾರರಲ್ಲದ ಕಾರಣ ಗದ್ದೆಯ ಹಕ್ಕು ಕೇಳಿ ನಮೂನೆ 7 ತುಂಬುವಂತಿರಲಿಲ್ಲ. ಪುಟದ ಮೂರನೆಯ ಒಂದು ಭಾಗವನ್ನು ಅವರಿಗಾಗಿ ಖಾಲಿ ಬಿಟ್ಟಿದ್ದೇವೆ. ಅವರ ಮಕ್ಕಳು ಊರಲ್ಲಿಯೇ ಇದ್ದಾರೆ, ಹೋಗಿ ಕೇಳಬೇಕಾಗಿದೆ.

ತಾಲ್ಲೂಕು ಕಚೇರಿಯ ಕಡತದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಹೇಳಿಕೆ, ಆದೇಶ ದೊರೆಯಬಹುದು. ಅಂಗಳದಲ್ಲಿ ನಿಂತವರ ಮನಸ್ಸು ಅಲ್ಲಿ ದೊರೆಯದು. ಅದನ್ನು ಒಬ್ಬರೇ ಬರೆದರೆ ಆತ್ಮಪ್ರಶಂಸೆಯೋ ದೂರೋ ಆಗಿಬಿಡುವ ಅಪಾಯವಿದೆ. ಆದ್ದರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂತಹ ಒಂದೊಂದು ಪುಸ್ತಕವನ್ನು ಆರಂಭಿಸಲಿ ಎಂಬುದು ನನ್ನ ಸಲಹೆ. ನಿಬಂಧನೆ ಒಂದೇ: ಪ್ರತಿ ಪುಟವನ್ನೂ ಬೇರೆ ಬೇರೆ ಮನೆಯ ಇಬ್ಬರು ಸೇರಿ ಮಾಡಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಪತ್ರಿಕೆಯ ಕಾಗದ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ, ಸೆಲ್ಲೊಟೇಪು ಕಂದು ಕಲೆ ಬಿಡುತ್ತದೆ. ಆದ್ದರಿಂದ ಒಳ್ಳೆಯ ಕಾಗದದ ಮೇಲೆ ನೆರಳಚ್ಚು ತೆಗೆದು ಅಂಟಿಸಿ, ಮೂಲವನ್ನು ಲಕೋಟೆಯಲ್ಲಿ ಪ್ರತ್ಯೇಕವಾಗಿಡಬೇಕು. ಪತ್ರಿಕೆಯ ಹೆಸರು, ದಿನಾಂಕವನ್ನು ಕಡ್ಡಾಯವಾಗಿ ನಮೂದಿಸಬೇಕು. ನನ್ನ ತಂದೆ ಕಾಪಿಟ್ಟ ತುಣುಕಿನಲ್ಲಿ ಇವೆರಡೂ ಇಲ್ಲ.

1974ರಲ್ಲಿ ವಯಸ್ಕರಾಗಿದ್ದವರು ಇಂದು ಎಪ್ಪತ್ತರ ಆಚೆಗಿದ್ದಾರೆ. ನನ್ನ ತಂದೆಯಾಗಲಿ, ಗೆಳೆಯನ ಅತ್ತೆಯಾಗಲಿ ಈ ಪುಟವನ್ನು ನೋಡಲಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಸಾಕ್ಷಿ ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಈ ಮಳೆಗಾಲಕ್ಕೆ ಮುನ್ನವೇ ಅವರ ಮನೆಗೆ ಹೋಗುವುದೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ.